ನಂಜುಂಡಯ್ಯನವರ ಗಿವೆಂಚಿ ಪ್ರಕರಣ

ಮದುವೆಮನೆಯಲ್ಲಿ ತಾಳಿ ಕಟ್ಟುವವನು ವರ, ಮಂತ್ರ ಹೇಳುವವರು ಪುರೋಹಿತರು, ಊಟ ಹಾಕುವವರು ಅಡುಗೆಯವರು. ಆದರೆ ಇವರೆಲ್ಲರಿಗಿಂತ ಮುಖ್ಯರಾದವರು ಉಡುಗೊರೆ ಓದುವವರು ಎಂಬುದು ಮೈಸೂರಿನ ನಮ್ಮ ಅಗ್ರಹಾರದ ನಂಜುಂಡಯ್ಯನವರ ಖಚಿತ ಅಭಿಪ್ರಾಯ. ತಾವೇ ಉಡುಗೊರೆ ಓದುವವರಾಗಿರುವುದಕ್ಕೂ ಈ ಅಭಿಪ್ರಾಯಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಅವರೇ ನನಗೆ ಹೇಳಿದ್ದಾರೆ. ಎದುರು ಮನೆಯವನಾದ ನಾನು ಅದನ್ನು ನಂಬಿದ್ದೇನೆ, ನಂಬದಿದ್ದರೆ ಅವರು ಇನ್ನೊಮ್ಮೆ ವಿವರಿಸುತ್ತಾರೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮುಹೂರ್ತ ಮುಗಿದ ಮೇಲೆ, ಊಟಕ್ಕೆ ಮೊದಲು, ಬಂಧುಗಳು ಒಬ್ಬೊಬ್ಬರಾಗಿ ಮಂಟಪಕ್ಕೆ ಬಂದು ಉಡುಗೊರೆ ಕೊಡುತ್ತಾರೆ. ಆಗ ಗಟ್ಟಿ ಗಂಟಲಿನವರೊಬ್ಬರು ಎದ್ದು ನಿಂತು, ಕೊಟ್ಟವರ ಊರು, ಗೋತ್ರ, ಹೆಸರು, ಕೊಟ್ಟ ವಸ್ತು, ಎಲ್ಲವನ್ನೂ ಸಭೆಗೆ ಕೇಳುವಂತೆ ಸಾರಬೇಕು. ನಂಜುಂಡಯ್ಯನವರು ಸಾರಿದರೆ ಸ್ಟೀಲಿನ ಲೋಟಕ್ಕೂ ಬೆಳ್ಳಿಯ ಗೌರವ ಬರುತ್ತಿತ್ತು. ವಿದ್ಯುತ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದಾಗ ಅವರನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಮಂಟಪದಲ್ಲಿ ಮಾತ್ರ ಅಡುಗೆಮನೆಯವರೂ ಸೌಟು ನಿಲ್ಲಿಸಿ ಕೇಳುತ್ತಿದ್ದರು.

ಇದನ್ನು ಎಲ್ಲರಿಗಿಂತ ಹೆಚ್ಚು ಆಸೆಯಿಂದ ಕೇಳುತ್ತಿದ್ದವಳು ನಮ್ಮ ಬೀದಿಯ ಲಕ್ಷ್ಮಮ್ಮ. ನಂಜುಂಡಯ್ಯನವರ ಪಕ್ಕದ ವಠಾರದಲ್ಲಿ ಒಂಟಿಯಾಗಿದ್ದುಕೊಂಡು ಸೀರೆಗಳಿಗೆ ಕುಚ್ಚು ಕಟ್ಟುವುದು, ಫಾಲ್ ಹೊಲಿಯುವುದು ಆಕೆಯ ಕೆಲಸ. ಬೀದಿಗೆಲ್ಲ ಆಕೆ ಬರೀ 'ಕುಚ್ಚಿನಮ್ಮ'. ನಂಜುಂಡಯ್ಯನವರು ನಾಯಿಮರಿಯನ್ನೂ ಬಹುವಚನದಲ್ಲಿ ಮಾತಾಡಿಸುವ ಮನುಷ್ಯ, ಆದರೂ ಆಕೆಯನ್ನು ಮಾತ್ರ ಮೊದಲಿನಿಂದಲೂ "ಬಾರಮ್ಮ, ಹೋಗಮ್ಮ, ನೀನು" ಎಂದೇ ಕರೆಯುತ್ತಿದ್ದರು. ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ, ಯೋಚನೆಯೂ ಇರಲಿಲ್ಲ. ಬೀದಿಯ ಯಾವುದಾದರೂ ಮದುವೆಯಲ್ಲಿ ಆಕೆ ಒಂದು ರವಿಕೆ ಕಣ ಕೊಟ್ಟಾಗ ಮಾತ್ರ, "ಕಳಲೆ ಗ್ರಾಮದ ದಿವಂಗತ ಶಿವಲಿಂಗಯ್ಯನವರ ಧರ್ಮಪತ್ನಿ ಲಕ್ಷ್ಮಮ್ಮನವರು!" ಎಂದು ಛಾವಣಿ ನಡುಗುವಂತೆ ಓದುತ್ತಿದ್ದರು. ಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು, ಹೆಸರು ಪೂರ್ತಿ ಮುಗಿದ ಮೇಲೆಯೇ ಮೆಟ್ಟಿಲಿಳಿಯುತ್ತಿದ್ದಳು.

ಹೀಗಿರುವಾಗ ನಂಜುಂಡಯ್ಯನವರ ಮೊಮ್ಮಗಳು ತನ್ಮಯಿಯ ನಿಶ್ಚಿತಾರ್ಥ ನಡೆಯಿತು. ವರ ಸಮರ್ಥ, ವಿದ್ಯಾರಣ್ಯಪುರಂ ಕಡೆಯವನು, ಬಂಗಾರದಂಥ ಹುಡುಗ. ಅವನಿಗೊಬ್ಬ ಸೋದರತ್ತೆ. ಆಕೆ ವರ್ಷಕ್ಕೊಮ್ಮೆ ವಿಮಾನ ಹತ್ತುವವರು, ಹತ್ತಿದ್ದನ್ನು ಮುಂದಿನ ಸಲ ಹತ್ತುವವರೆಗೂ ಹೇಳುವವರು. ಅವರು ಹುಡುಗಿಗೆ ಒಂದು ಸೆಂಟಿನ ಬಾಟಲಿ ಕೊಟ್ಟರು. ನಂಜುಂಡಯ್ಯನವರು ಡಬ್ಬಿಯ ಮೇಲಿನ ಅಕ್ಷರಗಳನ್ನು ಕನ್ನಡಕದ ಕೆಳಗಿಂದಲೂ ಮೇಲಿಂದಲೂ ನೋಡಿ, ಒಂದನ್ನೂ ಬಿಡದೆ, "ಗಿವೆಂಚಿ ಎಂಬ ಸುಗಂಧದ್ರವ್ಯ!" ಎಂದು ಸಾರಿದರು.

ವರನ ಕಡೆಯ ಹುಡುಗರು ಗೊಳ್ಳೆಂದು ನಕ್ಕರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಆ "ಗಿವೆಂಚಿ" ಎರಡೂ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡಿ, ನಗುವ ಮುಖಗಳನ್ನು ಹೊತ್ತುಕೊಂಡು ಅಗ್ರಹಾರಕ್ಕೆ ಮರಳಿತು. ಅದರ ಹಿಂದೆಯೇ ಸೋದರತ್ತೆಯ ಫೋನು ಬಂತು.

"ಬೇಜಾರ್ ಮಾಡ್ಕೋಬೇಡಿ ಭಾನುಮತಿಯವರೇ," ಎಂದರು ನಂಜುಂಡಯ್ಯನವರ ಪತ್ನಿಗೆ. "ಯಜಮಾನರಿಗೂ ವಯಸ್ಸಾಯ್ತು. ಮದ್ವೆಗೆ ಒಬ್ಬ ಆ್ಯಂಕರ್‌ನ ಕರೆಸ್ತೀವಿ. ಎಲ್ಲ ಬ್ರ್ಯಾಂಡೂ ಅವನ ಬಾಯಲ್ಲೇ ಇದೆ."

ಭಾನುಮತಮ್ಮ ಈ ಸುದ್ದಿಯನ್ನು ತೊವ್ವೆಯ ಜೊತೆ ಬಡಿಸಿದರು. ನಂಜುಂಡಯ್ಯನವರು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಮನೆಯ ಮೊದಲ ಮೊಮ್ಮಗಳ ಮದುವೆಯಲ್ಲಿ ತಾವು ಓದುವುದಿಲ್ಲವೆಂದರೆ, ಊರವರ ಮದುವೆಗಳಲ್ಲಿ ಇಷ್ಟು ಕಾಲ ಓದಿದ್ದು ಯಾವ ಪುರುಷಾರ್ಥಕ್ಕೆ? ತನ್ಮಯಿ ಫೋನು ತೆಗೆದುಕೊಂಡು ಸಮರ್ಥನಿಗೆ, "ತಾತ ಓದದಿದ್ರೆ ನಂಗೆ ಯಾರ ಉಡುಗೊರೇನೂ ಬೇಡ" ಎಂದು ಹೇಳಿಬಿಟ್ಟಳು. ಆ ಕಡೆ ಏನು ಮಾತುಕತೆ ನಡೆಯಿತೋ, ಕೊನೆಗೆ ಸೋದರತ್ತೆ ಒಪ್ಪಿದರು. ಷರತ್ತು ಒಂದೇ: ಆ್ಯಂಕರ್ ಪಕ್ಕದಲ್ಲೇ ನಿಂತಿರುತ್ತಾನೆ, ಒಂದು ಹೆಸರು ತಪ್ಪಾದರೂ ಮೈಕು ಅವನ ಕೈಗೆ.

ತನ್ಮಯಿ ಬಟ್ಟೆ ವಿನ್ಯಾಸವನ್ನೇ ಓದಿದವಳು. ತಾತನಿಗೆ ಪಾಠ ಶುರುಮಾಡಿದಳು.

"ಗಿವೆಂಚಿ ಅಲ್ಲ ತಾತ. ಝೀವಾಂಶಿ."

"ಎಲ್ಲಿದೆ ವಾಂಶಿ? ತೋರಿಸು. ಇದು ಎನ್, ಇದು ಸಿ, ಇದು ಹೆಚ್."

"ಫ್ರೆಂಚಲ್ಲಿ ಹಾಗೇ. ಲೂಯಿ ವಿತೋಂ ಅನ್ನೋದ್ರಲ್ಲಿ ಲೂಯಿ ಕೊನೇಲಿರೋ ಎಸ್ಸೂ ಸೈಲೆಂಟು, ವಿತೋಂ ಕೊನೇಲಿರೋ ಎನ್ನೂ ಅರ್ಧ ಮೂಗಲ್ಲೇ."

"ಸೈಲೆಂಟು ಅಂದ್ರೆ? ಬರೆದ ಮೇಲೆ ಓದಬೇಡ್ವೆ? ಕರೆಸ್ಕೊಂಡು ಕೂರಿಸಿ ಎಲೆ ಹಾಕ್ದೆ ಕಳಿಸಿದ ಹಾಗಾಯ್ತಲ್ಲೇ!" ನಂಜುಂಡಯ್ಯನವರಿಗೆ ಆ ಅಕ್ಷರಗಳ ಬಗ್ಗೆ ನಿಜವಾಗಿಯೂ ಮರುಕ ಹುಟ್ಟಿತು. "ಅದಿರ್ಲಿ, ಇವೆಲ್ಲ ಯಾವ ಊರುಗಳು?"

"ಊರಲ್ಲ ತಾತ, ಮನುಷ್ಯರ ಹೆಸ್ರು. ಈ ವಿತೋಂ ಪ್ರಯಾಣದ ಪೆಟ್ಟಿಗೆ ಮಾಡ್ತಿದ್ದ. ಎರ್ಮೆಸ್ ಅನ್ನೋನು ಕುದುರೆ ಕಟ್ಟೋ ತೊಗಲು ಹೊಲೀತಿದ್ದ. ಕೂತು ಕೈಯಲ್ಲಿ ಕೆಲ್ಸ ಮಾಡಿದೋರು. ಆಮೇಲೆ ಅವ್ರ ಹೆಸ್ರೇ ಕಂಪನಿ ಆಯ್ತು."

"ಹೌದೆ? ಗೋತ್ರ ಗೊತ್ತಿದ್ರೆ ಓದೋಕೆ ಅನುಕೂಲವಾಗ್ತಿತ್ತು," ಎಂದು ನಂಜುಂಡಯ್ಯನವರು ಮುಂದಿನ ಹೆಸರಿಗೆ ಹೋದರು. ಆ ಮಾತು ಆಗ ಅವರ ಕಿವಿಯಲ್ಲಿ ನಿಂತಿತೇ ಹೊರತು ಒಳಗಿಳಿಯಲಿಲ್ಲ.

ಹೆಸರೇನೋ ಗೊತ್ತಾಯಿತು, ನಾಲಗೆಗೆ ಕೂರುತ್ತಿರಲಿಲ್ಲ. ಅದಕ್ಕೆ ಅವರಿಗೆ ಗೊತ್ತಿದ್ದ ಉಪಾಯ ಒಂದೇ. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ವೇದ ಕಲಿತದ್ದು ಹೇಗೋ ಹಾಗೆಯೇ ಕಲಿಯುವುದು. ಮರುದಿನ ಬೆಳಿಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ, ವಿಭೂತಿ ಧರಿಸಿ, ಜಗಲಿಯ ಮೇಲೆ ಪದ್ಮಾಸನ ಹಾಕಿ ಕೂತು, ಎರಡೆರಡು ಹೆಸರುಗಳನ್ನು ಹಿಂದು ಮುಂದಾಗಿ ಹೆಣೆಯುತ್ತ, ಸ್ವರಸಹಿತ ಆರಂಭಿಸಿದರು:

"ಝೀವಾಂಶಿ ವೆರ್ಸಾಚೆ, ವೆರ್ಸಾಚೆ ಝೀವಾಂಶಿ, ಝೀವಾಂಶಿ ವೆರ್ಸಾಚೆ! ವೆರ್ಸಾಚೆ ಮೊಸ್ಕೀನೊ, ಮೊಸ್ಕೀನೊ ವೆರ್ಸಾಚೆ, ವೆರ್ಸಾಚೆ ಮೊಸ್ಕೀನೋ!"

ಹಾಲು ತರಲು ಹೊರಟಿದ್ದ ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. ಆ ಸ್ವರದಲ್ಲಿ ಪಡಿತರ ಅಂಗಡಿಯ ಬೋರ್ಡು ಓದಿದರೂ ಜನ ಕೈಮುಗಿಯುತ್ತಾರೆ.

ಮೊದಲು ವಿಚಾರಿಸಿದವಳು ಲಕ್ಷ್ಮಮ್ಮ. ಆಕೆ ತನ್ನ ಜಗಲಿಯಲ್ಲಿ ಮಂಡಿ ಚಾಚಿಕೊಂಡು, ಏನೋ ಜರಿಯ ತುಂಡುಗಳನ್ನು ಸೇರಿಸಿ ಹೊಲಿಯುತ್ತಿದ್ದಳು.

"ಅಯ್ನೋರೇ, ಇದ್ಯಾವ್ ದೇವ್ರುದು? ಕೇಳ್ತಾ ಕೂತಿದ್ರೆ ಮಂಡಿ ನೋವೇ ಗೊತ್ತಾಗ್ನಿಲ್ಲ. ನಂಗೂ ವಸಿ ಏಳ್ಕೊಡಿ."

ನಂಜುಂಡಯ್ಯನವರು ತಲೆಯೆತ್ತಲಿಲ್ಲ. ಪಾಠದ ಮಧ್ಯೆ ಮಾತಾಡಬಾರದೆಂಬುದು ಪಾಠಶಾಲೆಯ ಶಿಸ್ತು. ಆ ಮೌನ ಬೀದಿಯಲ್ಲಿ ಬೇರೆ ಅರ್ಥ ಪಡೆಯಿತು. ಉಪದೇಶದ ಮಂತ್ರ, ಸುಮ್ಮನೆ ಯಾರಿಗೂ ಹೇಳುವುದಿಲ್ಲವಂತೆ ಎಂದು ಮೂಲೆಮನೆಯ ಮಂಜುಳಮ್ಮ ಸಾರಿಬಿಟ್ಟರು. ಆ ವಾರದಲ್ಲೇ ಜಗಲಿಯೆದುರು ಜನ ಕೂರತೊಡಗಿದರು. ಮಂಡಿ ನೋವಿನವರು ಮುಂದೆ, ಕಂಕಣ ಕೂಡಿಬರದವರು ಹಿಂದೆ. ಯಾರೋ ಹೂವು ತಂದಿಟ್ಟರು, ಯಾರೋ ತೆಂಗಿನಕಾಯಿ. ಭಾನುಮತಮ್ಮ ಏನೂ ಕೇಳದೆ ಕಾಯಿಗಳನ್ನು ಒಳಗೆ ಒಯ್ದರು, ಮನೆಯಲ್ಲಿ ಪ್ರತಿದಿನ ಚಟ್ನಿಯಾಯಿತು.

ನಿವೃತ್ತ ಶಿರಸ್ತೇದಾರರಾದ ಮಹದೇವಯ್ಯನವರು ಮಾತ್ರ ಇದನ್ನು ವಿಚಾರಣೆಯಿಲ್ಲದೆ ಬಿಡುವವರಲ್ಲ. ಅವರು ನಂಜುಂಡಯ್ಯನವರ ಭಾವಮೈದುನ. ಕೊಡೆ ಊರಿಕೊಂಡು ಬಂದು ನಿಂತರು.

"ಭಾವ, ಇದು ಋಗ್ವೇದದ್ದೋ ಯಜುರ್ವೇದದ್ದೋ?"

"ಯಾವ್ದೂ ಅಲ್ಲ ಕಣ್ರೀ. ಇದು ಫ್ರೆಂಚ್ ಶಾಖೆ. ಮಧ್ಯದಲ್ಲಿ ಸ್ವಲ್ಪ ಇಟಲಿ ಬರತ್ತೆ."

"ಫಲಶ್ರುತಿ ಏನು?"

"ಮದ್ವೆ ದಿವ್ಸ ಮರ್ಯಾದೆ ಉಳಿಯತ್ತೆ."

ಮಹದೇವಯ್ಯನವರು ಗಂಭೀರವಾಗಿ ತಲೆಯಾಡಿಸಿ, ಮದುವೆಯ ವಯಸ್ಸಿಗೆ ಬಂದ ಮಗಳಿರುವ ಇನ್ನಿಬ್ಬರು ಸ್ನೇಹಿತರನ್ನು ಮರುದಿನ ಕರೆತಂದರು.

ವಿಷಯ ಬಯಲಾದದ್ದು ತನ್ಮಯಿ ಹೊರಗೆ ಬಂದು, ಎಲ್ಲರೂ ಕಣ್ಣು ಮುಚ್ಚಿ "ಬಲೆನ್ಸಿಯಾಗ, ಬಲೆನ್ಸಿಯಾಗ" ಎನ್ನುತ್ತಿದ್ದುದನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ ದಿನ. ಇವು ಬ್ಯಾಗು, ಬೂಟು, ಸೆಂಟುಗಳ ಹೆಸರೆಂದು ಅವಳು ವಿವರಿಸಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಒಬ್ಬರು ತಮ್ಮ ತೆಂಗಿನಕಾಯಿ ವಾಪಸು ಸಿಗುವುದೇ ಎಂದು ವಿಚಾರಿಸಿದರು. ಲಕ್ಷ್ಮಮ್ಮ ಮಾತ್ರ ಏಳಲಿಲ್ಲ.

"ಬೂಟಾರ ಆಗ್ಲಿ ಬ್ಯಾಗಾರ ಆಗ್ಲಿ, ನನ್ ಮಂಡಿಗೆ ಗುಣ ಆಗೈತೆ. ನೀವ್ ಏಳಿ ಅಯ್ನೋರೇ, ನಾ ಕೇಳ್ತೀನಿ."

ನಂಜುಂಡಯ್ಯನವರಿಗೆ ಕೊನೆಯವರೆಗೂ ಕಾಡಿದ್ದು ಒಂದೇ ಹೆಸರು, ಆ ಕುದುರೆಯ ತೊಗಲಿನವನದು. ಬರಹದಲ್ಲಿ 'ಹ' ಎದ್ದು ಕಾಣುತ್ತದೆ, ಬಾಯಲ್ಲಿ ಬರಕೂಡದು. ಹಕಾರವನ್ನು ಹೊಕ್ಕುಳಿನಿಂದ ಎತ್ತಿ ಹೇಳಿ ಬೆಳೆದ ಮನುಷ್ಯ. ಎಷ್ಟು ತಡೆದರೂ "ಹೆರ್ಮೆಸ್" ಎಂದು ಜಾರಿಬಿಡುತ್ತಿತ್ತು.

"ಅದೇನ್ ಅಷ್ಟ್ ಒದ್ದಾಡ್ತೀರಿ? ಎರ್ಮೆಸ್!" ಎಂದಳು ಲಕ್ಷ್ಮಮ್ಮ, ಸೂಜಿಗೆ ದಾರ ಪೋಣಿಸುತ್ತ.

ತನ್ಮಯಿ ಚಪ್ಪಾಳೆ ತಟ್ಟಿದಳು. "ತಾತ, ಪರ್ಫೆಕ್ಟ್! ಹಾಗೇ ಅನ್ನಬೇಕು!"

ನಂಜುಂಡಯ್ಯನವರು ಕನ್ನಡಕ ತೆಗೆದು ಒರೆಸಿದರು. ಈ ಹೆಂಗಸಿಗೆ "ಆಲು ಅಲ್ಲಮ್ಮ, ಹಾಲು ಅನ್ನು" ಎಂದು ಅವರು ಹೇಳಿದಷ್ಟು ಸಲ ಬೀದಿಯ ಹಾಲಿನವನೂ ಹಾಲು ಎಂದಿರಲಿಲ್ಲ. ಅಂದಿನಿಂದ ಒಂದು ವಾರ ಅವರು ಅಭ್ಯಾಸಕ್ಕಾಗಿ ಮನೆಯಲ್ಲೆಲ್ಲ ಹಕಾರ ಬಿಟ್ಟು ಮಾತಾಡಿದರು. "ಭಾನು, ಉಳಿ ಚೆನ್ನಾಗಿದೆ, ಇನ್ನೊಂದ್ ಸೌಟು ಆಕು" ಎಂದು ಕೇಳಿಸಿಕೊಂಡ ಭಾನುಮತಮ್ಮ, ಇವರಿಗೆ ಪಾರ್ಶ್ವವಾಯು ಬಡಿಯಿತೆಂದು ಗಾಬರಿಯಾಗಿ ಡಾಕ್ಟರನ್ನು ಕರೆಸಿದರು.

ಮದುವೆಯ ದಿನ ಬಂತು. ಮುಹೂರ್ತ ಸಾಂಗವಾಗಿ ಮುಗಿಯಿತು. ನಂಜುಂಡಯ್ಯನವರು ಜರಿ ಪೇಟ ಇಟ್ಟು, ಮೈಕು ಹಿಡಿದು ಮಂಟಪದ ಅಂಚಿನಲ್ಲಿ ನಿಂತರು. ಪಕ್ಕದಲ್ಲಿ ಮಿನುಗುವ ಕೋಟು ತೊಟ್ಟ ಆ್ಯಂಕರ್, ಬಸ್ಸಿನಲ್ಲಿ ಯಾರಾದರೂ ಏಳುತ್ತಾರೇನೋ ಎಂದು ಕಾಯುವವನ ಹಾಗೆ, ಮೈಕನ್ನೇ ನೋಡುತ್ತ ನಿಂತಿದ್ದ. ಝೀವಾಂಶಿ ಬಂತು, ನಂಜುಂಡಯ್ಯನವರು ಗೆದ್ದರು. ವೆರ್ಸಾಚೆ ಬಂತು, ಗೆದ್ದರು. ಆಮೇಲೆ ಸೋದರತ್ತೆ ಖುದ್ದಾಗಿ ಒಂದು ಕಿತ್ತಳೆ ಬಣ್ಣದ ಡಬ್ಬಿ ಹಿಡಿದು ಮೆಟ್ಟಿಲೇರಿದರು. ಒಳಗೆ ರೇಷ್ಮೆಯ ಸ್ಕಾರ್ಫು.

"ಭಾರದ್ವಾಜ ಗೋತ್ರದ, ವರನ ಸೋದರತ್ತೆಯವರು ವಧುವಿಗೆ ಕೊಡುತ್ತಿರುವ, ಎರ್ಮೆಸ್ ರೇಷ್ಮೆ ವಸ್ತ್ರ!"

"ತಪ್ಪು!" ಎಂದರು ಸೋದರತ್ತೆ. "ಅದು ಹರ್ಮಿಸ್. 'ಹ' ಎಲ್ಲಿ ಹೋಯ್ತು?"

ಆ್ಯಂಕರ್ ಕೈ ಚಾಚಿದ. ನಂಜುಂಡಯ್ಯನವರು ಮೈಕು ಬಿಡಲಿಲ್ಲ. ಇಬ್ಬರೂ ಒಂದೊಂದು ಕಡೆ ಹಿಡಿದೆಳೆಯುವಾಗ ಪುರೋಹಿತರು ಅಕ್ಷತೆ ತಟ್ಟೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟರು. ಆಗ ಬಾಸಿಂಗ ಕಟ್ಟಿಕೊಂಡಿದ್ದ ತನ್ಮಯಿ ಸಮರ್ಥನ ಮೊಬೈಲು ಇಸಿದುಕೊಂಡು, ಏನೋ ಒತ್ತಿ, ಅದನ್ನು ಮೈಕಿನ ಮುಂದೆ ಹಿಡಿದಳು. ಯಾರೋ ಫ್ರೆಂಚ್ ಹೆಂಗಸು ಇಡೀ ಕಲ್ಯಾಣಮಂಟಪಕ್ಕೆ ಸ್ಪಷ್ಟವಾಗಿ ಹೇಳಿದಳು: "ಎರ್ಮೆಸ್."

"ನಾನ್ ಅವತ್ತೇ ಏಳ್ನಿಲ್ವಾ!" ಎಂದು ಹಿಂದಿನ ಸಾಲಿನಿಂದ ಲಕ್ಷ್ಮಮ್ಮನ ದನಿ ಕೇಳಿಸಿತು.

ಸಭೆಯೆಲ್ಲ ಚಪ್ಪಾಳೆ. ಆ್ಯಂಕರ್ ಕೋಟಿನ ಗುಂಡಿ ಬಿಚ್ಚಿ ಊಟದ ಹಾಲ್ ಕಡೆ ನಡೆದ. ಕಥೆ ಇಲ್ಲಿಗೇ ಮುಗಿದಿದ್ದರೆ ನಂಜುಂಡಯ್ಯನವರಿಗೆ ಒಳ್ಳೆಯದಿತ್ತು. ಆದರೆ ಗೆಲುವು ಅವರ ತಲೆಗೇರಿತು. ಮುಂದಿನವರು ಬಂದಾಗ ಅವರು ಮನುಷ್ಯರ ಮುಖ ನೋಡುವುದನ್ನೇ ಬಿಟ್ಟು ಡಬ್ಬಿ ತಿರುಗಿಸಿ ಹೆಸರು ಹುಡುಕತೊಡಗಿದರು. ಸ್ವಂತ ಭಾವಮೈದುನ ಮಹದೇವಯ್ಯನವರು ಕುಕ್ಕರ್ ಹೊತ್ತು ತಂದರೆ, "ಪ್ರೆಸ್ತೀಜ್!" ಎಂದು ಅರ್ಧ ಮೂಗಿನಲ್ಲಿ ಸಾರಿ ಪಕ್ಕಕ್ಕಿಟ್ಟರು. ಮಹದೇವಯ್ಯನವರು ತಮ್ಮ ಗೋತ್ರ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದು, ಬರದೆ, ಕುಕ್ಕರಿನ ಹೆಸರಿನಲ್ಲೇ ಮೆಟ್ಟಿಲಿಳಿದರು. ಅವರ ಹಿಂದಿನವರಿಗೂ ಅದೇ ಗತಿಯಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಇದು ಸರಿಕಾಣಲಿಲ್ಲ, ಆದರೆ ಗೆದ್ದವರಿಗೆ ಬುದ್ಧಿ ಹೇಳುವ ಧೈರ್ಯ ಯಾರಿಗಿದೆ?

ಆಗ ಲಕ್ಷ್ಮಮ್ಮ ಬಂದಳು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ, ಹಳದಿ ಕಾಗದದಲ್ಲಿ ಸುತ್ತಿದ್ದ ಒಂದು ಕೈಚೀಲವನ್ನು ನಂಜುಂಡಯ್ಯನವರ ಕೈಗಿಟ್ಟು, ಸೆರಗು ಸರಿಮಾಡಿಕೊಂಡು ನಿಂತಳು. ಹಳೆಯ ರೇಷ್ಮೆ ಸೀರೆಗಳ ಅಂಚುಗಳನ್ನು ಸಾಲಾಗಿ ಕೂಡಿಸಿ ಹೊಲಿದ ಚೀಲ. ಬಾಯಿಗೆ ಸಣ್ಣ ಕುಚ್ಚುಗಳು. ನಂಜುಂಡಯ್ಯನವರು ಅದನ್ನು ಮೇಲೆ ನೋಡಿದರು, ಕೆಳಗೆ ನೋಡಿದರು, ಒಳಗು ಹೊರಗು ಮಾಡಿ ನೋಡಿದರು. ಮೈಕು ಬಾಯಿಯ ಹತ್ತಿರವೇ ಇತ್ತು.

"ಇದ್ಯಾವ ಕಂಪನಿದಮ್ಮ? ಹೆಸ್ರೇ ಇಲ್ವಲ್ಲ ಇದಕ್ಕೆ?"

ಸಭೆಯಲ್ಲಿ ಯಾರೋ ನಕ್ಕರು. ಲಕ್ಷ್ಮಮ್ಮನ ಕೈ ಸೆರಗಿನ ಮೇಲೆಯೇ ನಿಂತಿತು.

"ಕಂಪ್ನಿ ಇಲ್ಲ ಅಯ್ನೋರೇ. ನಾನೇ ಒಲ್ದಿದ್ದು. ಮಗಿಗೆ ಅಂತವ." ಆಮೇಲೆ ಮೆಲ್ಲಗೆ, "ಓದ್ಬೇಡಿ ಬುಡಿ, ಪರ್ವಾಗಿಲ್ಲ" ಎಂದು ತಿರುಗಿ, ಇಳಿಯಲು ಮೆಟ್ಟಿಲ ಪಕ್ಕದ ಕಂಬ ಹಿಡಿದುಕೊಂಡಳು.

ಆಕೆ ಆ ಮಂಟಪಕ್ಕೆ ಬಂದದ್ದು ಯಾತಕ್ಕೆಂದು ಬೀದಿಯವರಾದ ನಮಗೆಲ್ಲ ಗೊತ್ತಿತ್ತು. ಆಕೆಯ ಹೆಸರು ಪೂರ್ತಿಯಾಗಿ ಕೇಳಿಸುವ ಜಾಗ ಇನ್ನೊಂದಿರಲಿಲ್ಲ. ತನ್ಮಯಿ ತಾತನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಹೋಮದ ಹೊಗೆ ಆಗಲೇ ಆರಿಹೋಗಿತ್ತು.

"ತಾತ," ಎಂದಳು ಮೆಲ್ಲಗೆ, "ಅವ್ರೂ ಕೂತು ಕೈಯಲ್ಲಿ ಹೊಲಿದೋರೇ ಅಲ್ವಾ?"

ನಂಜುಂಡಯ್ಯನವರು ಚೀಲವನ್ನು ಮತ್ತೊಮ್ಮೆ ನೋಡಿದರು. ಅದರಲ್ಲೊಂದು ಅಂಚು ಅವರಿಗೆ ಗುರುತು ಹತ್ತಿತು. ಭಾನುಮತಮ್ಮನ ಧಾರೆ ಸೀರೆಯದು, ಹರಿದುಹೋಯಿತೆಂದು ಯಾವತ್ತೋ ಹಾಕಿಬಿಟ್ಟದ್ದು. ತಾವು ಜಗಲಿಯಲ್ಲಿ ಕೂತು ಪ್ಯಾರಿಸ್ಸಿನ ಹೆಸರುಗಳನ್ನು ಹೆಣೆಯುತ್ತಿದ್ದ ಅಷ್ಟು ಬೆಳಗುಗಳಲ್ಲಿ ಪಕ್ಕದ ಜಗಲಿಯಲ್ಲಿ ಹೊಲಿಗೆ ಬೀಳುತ್ತಿದ್ದುದು ಇದಕ್ಕೇ.

"ನಿಲ್ಲಿ ಲಕ್ಷ್ಮಮ್ಮನವರೇ!"

ಮೈಕಿಲ್ಲದೆಯೇ ಕೂಗಿದ್ದರು. ಆದರೂ ಅಡುಗೆಮನೆಯಲ್ಲಿ ಸೌಟು ನಿಂತಿತು. ಅವರು ಪೇಟ ಸರಿಮಾಡಿಕೊಂಡು, ಚೀಲವನ್ನು ಎರಡೂ ಕೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿ ಹಿಡಿದರು.

"ಕಳಲೆ ಗ್ರಾಮದ, ದಿವಂಗತ ಶಿವಲಿಂಗಯ್ಯನವರ ಧರ್ಮಪತ್ನಿ, ಮೈಸೂರು ಅಗ್ರಹಾರದ ನಿವಾಸಿ, ಲಕ್ಷ್ಮಮ್ಮನವರು, ನಮ್ಮ ತನ್ಮಯಿಗೆ ಕೊಡುತ್ತಿರುವ ರೇಷ್ಮೆಯ ಕೈಚೀಲ! ಕಂಪನಿ ಯಾವುದು ಅಂತ ಈಗ ತಾನೇ ಒಬ್ಬ ಮೂರ್ಖ ಕೇಳಿದ. ಸಭೆಯವರು ಉಚ್ಚಾರ ಗಮನಿಸಿ. ಕಂಪನಿ, ಲಕ್ಷ್ಮಮ್ಮ! ಹೊಲಿದವರು ಲಕ್ಷ್ಮಮ್ಮ! ಕೊಟ್ಟವರು ಲಕ್ಷ್ಮಮ್ಮ!"

ಲಕ್ಷ್ಮಮ್ಮ ಕಂಬ ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಇಳಿದಳು.

ನಂಜುಂಡಯ್ಯನವರು ಅಲ್ಲಿಗೆ ಬಿಡಲಿಲ್ಲ. "ಮಹದೇವಯ್ಯನವರು ಎಲ್ಲಿದ್ದರೂ ಮಂಟಪಕ್ಕೆ ಬರಬೇಕು, ಕುಕ್ಕರ್ ಸಮೇತ" ಎಂದು ಕರೆದರು. ಗೋತ್ರ ತಪ್ಪಿಸಿಕೊಂಡವರನ್ನೆಲ್ಲ ಮತ್ತೆ ಸಾಲು ನಿಲ್ಲಿಸಿ, ಮೊದಲಿಂದ ಓದಿದರು. ಮಹದೇವಯ್ಯನವರು ತಮ್ಮ ಮುತ್ತಾತನ ಹೆಸರನ್ನೂ ಸೇರಿಸಬೇಕೆಂದು ಹಟ ಹಿಡಿದರು, ಅದೂ ಆಯಿತು. ಊಟ ಶುರುವಾಗುವ ಹೊತ್ತಿಗೆ ಸಾರು ಆರಿತ್ತು, ಹಪ್ಪಳ ಮೆತ್ತಗಾಗಿತ್ತು, ಒಳಗಿದ್ದ ಆ್ಯಂಕರ್ ಕಡುಬು ಖಾಲಿ ಮಾಡಿದ್ದ. ಅಡುಗೆಯವರು ಬೈದರು. ಬಂಧುಗಳಲ್ಲಿ ಯಾರೂ ಬೈಯಲಿಲ್ಲ, ಎಲ್ಲರ ಹೆಸರೂ ಬಂದಿತ್ತಲ್ಲ.

ಮದುವೆಯಾಗಿ ಕೆಲವು ದಿನಗಳ ಮೇಲೆ ನಮ್ಮ ಬೀದಿಗೆ ಒಂದು ದೊಡ್ಡ ಕಾರು ಬಂದು, ತಿರುಗಲಾಗದೆ ಮಂಜುಳಮ್ಮನ ರಂಗೋಲಿಯ ಮೇಲೆ ನಿಂತಿತು. ಇಳಿದವರು ಸೋದರತ್ತೆ. ತನ್ಮಯಿಯ ಚೀಲವನ್ನು ನೋಡಿದ ಅವರ ಸ್ನೇಹಿತೆಯರೆಲ್ಲ ಅಂಥದ್ದೇ ಬೇಕೆಂದು ಪ್ರಾಣ ತಿನ್ನುತ್ತಿದ್ದರಂತೆ. ಜಗಲಿಯ ಮೇಲೆ ಬರೀ ಸಂಧ್ಯಾವಂದನೆ ಮಾಡಿ ಕೂತಿದ್ದ ನಂಜುಂಡಯ್ಯನವರನ್ನು ಕಂಡು ಅವರು ಸ್ವಲ್ಪ ಅಳುಕಿದರು. ಒಮ್ಮೆ ಸುಟ್ಟುಕೊಂಡ ನಾಲಗೆಯಲ್ಲವೆ, ಒಂದೊಂದು ಅಕ್ಷರವನ್ನೂ ತೂಗಿ ಕೇಳಿದರು.

"ಬೀಗರೇ, ಇಲ್ಲಿ ಲಕ್ಷ್ಮಮ್ಮ ಅಂತ... ನಾನು ಹೇಳ್ತಿರೋದು ಸರಿ ತಾನೆ?"

ಪಕ್ಕದ ಜಗಲಿಯಲ್ಲಿ ಸೂಜಿ ನಿಂತಿತು. ನಂಜುಂಡಯ್ಯನವರು ಕನ್ನಡಕ ಏರಿಸಿ, ಬಹಳ ಸಮಾಧಾನದಿಂದ ತಿದ್ದಿದರು.

"ಇಲ್ಲಮ್ಮ, ಸ್ವಲ್ಪ ತಪ್ಪಿದೆ. ನಾನೂ ಬಹಳ ವರ್ಷ ತಪ್ಪಾಗೇ ಅಂತಿದ್ದೆ. ಲಕ್ಷ್ಮಮ್ಮನವರು ಅನ್ನಬೇಕು. ಕೊನೇಲಿರೋ 'ನವರು' ಸೈಲೆಂಟ್ ಅಲ್ಲ."